ಮೀನಾಳ ಟೈಪ್‌ರೈಟರ್ ಎಲ್ಲಿ ಹೋಯಿತು?

ಸಾಕಾಗಿದೆ. ರಕ್ತ ಹೀರುವ ಪಿಶಾಚಿಯ ಕಾದಂಬರಿ ‘ಡ್ರಾಕುಲಾ’ ಎಂದರೆ ಅಮರ ಪ್ರೇಮಕಥೆ ಎಂದು ಇನ್ನೊಬ್ಬರು ನನಗೆ ಪಾಠ ಹೇಳಿದರೆ ಎದ್ದು ಬಂದುಬಿಡುತ್ತೇನೆ, ಕಾಫಿಗೂ ಕಾಯುವುದಿಲ್ಲ.

ಸರಸ್ವತಿಪುರಂನಲ್ಲಿ ಕೆಲವರು ತಿಂಗಳಿಗೊಮ್ಮೆ ಸೇರಿ ಸಿನಿಮಾ ನೋಡಿ ಚರ್ಚಿಸುತ್ತಾರೆ. ಕಳೆದ ಭಾನುವಾರ ನಿರ್ದೇಶಕ ಕೊಪ್ಪೊಲಾ ಅವರ 1992ರ ‘ಬ್ರಾಮ್ ಸ್ಟೋಕರ್ಸ್ ಡ್ರಾಕುಲಾ’ ಚಿತ್ರ ಹಾಕಿದ್ದರು. ಮುಗಿದದ್ದೇ ತಡ, ಒಬ್ಬ ಯುವಕ ಎದ್ದು ನಿಂತು, ಶತಮಾನಗಳ ಕಾಲ ಕಾದ ಗಂಡ, ಮತ್ತೆ ಹುಟ್ಟಿಬಂದ ಹೆಂಡತಿ, ಇದೇ ಕಾದಂಬರಿಯ ಜೀವಾಳ ಎಂದು ಭಾಷಣ ಬಿಗಿದ. ಬ್ರಾಮ್ ಸ್ಟೋಕರ್ ಬರೆದ 1897ರ ಆ ಕಾದಂಬರಿಯಲ್ಲಿ ಅಂಥ ಹೆಂಡತಿಯೂ ಇಲ್ಲ, ಪುನರ್ಜನ್ಮವೂ ಇಲ್ಲ ಎಂದೆ. “ಮೇಡಂ, ಚಿತ್ರದ ಶೀರ್ಷಿಕೆಯಲ್ಲೇ ಬ್ರಾಮ್ ಸ್ಟೋಕರ್ ಹೆಸರಿದೆಯಲ್ಲ” ಎಂದ. ಸುತ್ತಲಿದ್ದವರು ತಲೆದೂಗಿದರು! ಪುಸ್ತಕ ಓದಿದವಳು ನಾನು, ಸಾಕ್ಷಿ ಅವನ ಕಡೆ.

ನಾನು ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿಯಾಗಿದ್ದು ನಿವೃತ್ತಳಾದವಳು. ನನಗೆ ಆ ಕಾದಂಬರಿ ಪ್ರಿಯವಾದದ್ದು ಕೋರೆಹಲ್ಲಿನಿಂದಲ್ಲ, ಮೀನಾ ಹಾರ್ಕರ್‌ಳಿಂದ. ಗಂಡನಿಗೆ ನೆರವಾಗಲೆಂದು ಶೀಘ್ರಲಿಪಿ ಅಭ್ಯಾಸ ಮಾಡುವ, ಬೆರಳಚ್ಚಿನಲ್ಲಿ ಕೈ ಪಳಗಿಸಿಕೊಳ್ಳುವ ಶಾಲಾ ಉಪಾಧ್ಯಾಯಿನಿ ಅವಳು. ಗಂಡ ಜೊನಾಥನನ ದಿನಚರಿ ಶೀಘ್ರಲಿಪಿಯಲ್ಲಿದೆ. ಡ್ರಾಕುಲಾನನ್ನು ಬೇಟೆಯಾಡುವ ಗುಂಪಿನ ಡಾಕ್ಟರ್ ಸೆವರ್ಡ್ ತನ್ನ ದಿನಚರಿಯನ್ನು ಧ್ವನಿ ಮುದ್ರಿಸುವ ಯಂತ್ರವಾದ ಫೋನೋಗ್ರಾಫಿನ ಸಿಲಿಂಡರುಗಳಲ್ಲಿ ತುಂಬಿಸಿಟ್ಟಿದ್ದಾನೆ. ಅದರಲ್ಲಿ ಬೇಕಾದ ಭಾಗವನ್ನು ಹುಡುಕಿ ತೆಗೆಯುವುದು ಹೇಗೆಂದು ಆ ಮಹಾಶಯನಿಗೇ ತಿಳಿಯದು. ಎಲ್ಲವನ್ನೂ ಕೇಳಿ, ಓದಿ, ಟೈಪು ಮಾಡಿ ತಾರೀಖಿನ ಪ್ರಕಾರ ಜೋಡಿಸುವವಳು ಮೀನಾ. ಅದೂ ಒಂದೇ ಹೊಡೆತಕ್ಕೆ ಮೂರು ಪ್ರತಿ! ಡ್ರಾಕುಲಾ ಬಂದು ಹಸ್ತಪ್ರತಿಯನ್ನೂ ಸಿಲಿಂಡರುಗಳನ್ನೂ ಬೆಂಕಿಗೆ ಹಾಕಿದಾಗ ತಿಜೋರಿಯಲ್ಲಿದ್ದ ಇನ್ನೊಂದು ಪ್ರತಿ ಉಳಿಯುತ್ತದೆ. ಪಿಶಾಚಿಯನ್ನು ಓಡಿಸಲು ಶಿಲುಬೆ, ಬೆಳ್ಳುಳ್ಳಿ ಎಂದು ಕುಣಿಯುವವರು ಈ ಪುಟವನ್ನು ಓದಿದ್ದಾರೆಯೇ? ರೈಲುಗಳ ವೇಳಾಪಟ್ಟಿ ಬಾಯಿಪಾಠ ಮಾಡಿದವಳೂ, ಡ್ರಾಕುಲಾ ಯಾವ ನದಿಯ ದಾರಿಯಲ್ಲಿ ತನ್ನ ಕೋಟೆಗೆ ಓಡುತ್ತಿದ್ದಾನೆಂದು ಲೆಕ್ಕ ಹಾಕಿ ಹೇಳುವವಳೂ ಇವಳೇ. ನಡುವೆ ಗಂಡಸರು ‘ಹೆಂಗಸಿಗೆ ಇದೆಲ್ಲ ಬೇಡ’ ಎಂದು ಅವಳನ್ನು ಸಭೆಯಿಂದ ಹೊರಗಿಡುತ್ತಾರೆ. ಸರಿಯಾಗಿ ಆಗಲೇ ಆ ಪಿಶಾಚಿ ಅವಳ ಕೊರಳಿಗೆ ಬಾಯಿ ಹಾಕುವುದು. ಟೈಪು ಮಾಡಿದ ಕಾಗದ ಬೇಕು, ಮಾಡಿದವಳು ಕೋಣೆಯಲ್ಲಿರಬಾರದು ಎನ್ನುವವರನ್ನು ನಾನೂ ಸಾಕಷ್ಟು ಕಂಡಿದ್ದೇನೆ.

ಇನ್ನು ಸಿನಿಮಾದವರು. 1931ರಲ್ಲಿ ಡ್ರಾಕುಲಾ ಪಾತ್ರದ ಲುಗೋಸಿಯ ಕಣ್ಣಿಗೆ ಬೆಳಕು ಬಿಡುವ ಭರದಲ್ಲಿ ಮೀನಾಳನ್ನು ಡಾಕ್ಟರ್ ಸೆವರ್ಡ್‌ನ ಮಗಳನ್ನಾಗಿ ಮಾಡಿದರು. 1958ರಲ್ಲಿ ಡ್ರಾಕುಲಾ ಆಗಿ ಕ್ರಿಸ್ಟೋಫರ್ ಲೀ ಬಂದ. ಮೀನಾ, ಪುಸ್ತಕದಲ್ಲಿ ಅವಳ ಗೆಳತಿ ಲೂಸಿಯನ್ನು ಮದುವೆಯಾಗಬೇಕಿದ್ದ ಆರ್ಥರನ ಹೆಂಡತಿಯಾದಳು, ಪಾಪ ಜೊನಾಥನ್ ಮೊದಲೇ ಸತ್ತ. 1979ರಲ್ಲಿ ಲ್ಯಾಂಗೆಲ್ಲಾ ನಟಿಸಿದ ಚಿತ್ರದಲ್ಲಂತೂ ಲೂಸಿ, ಮೀನಾ ಅದಲುಬದಲು, ಮೀನಾ ಪಿಶಾಚಿ ಬೇಟೆಯ ಮುಂದಾಳು ವ್ಯಾನ್ ಹೆಲ್ಸಿಂಗ್‌ನ ಮಗಳು! ಮದುವೆಮನೆಯ ಚಪ್ಪಲಿಗಳ ಹಾಗೆ ಹೆಂಗಸರನ್ನು ಯಾರದೋ ಬದಲು ಯಾರಿಗೋ ಹಂಚಿದ್ದಾರೆ. ಕೊಪ್ಪೊಲಾ ಒಮ್ಮೆ ಟೈಪ್‌ರೈಟರನ್ನು ತೋರಿಸುತ್ತಾರೆ ನಿಜ. ಅವರ ಚಿತ್ರ ಕಾದಂಬರಿಯ ದಿನಚರಿ, ಪತ್ರಗಳ ರೂಪವನ್ನೂ ಇತರ ಚಿತ್ರಗಳಿಗಿಂತ ಹೆಚ್ಚು ಉಳಿಸಿಕೊಂಡಿದೆ, ವೇಷಭೂಷಣಕ್ಕೆ ಆಸ್ಕರ್ ಕೂಡ ಬಂತು. ಆದರೆ ತನ್ನ ಗೆಳತಿಯನ್ನು ಕೊಂದವನಿಗೇ ಮೀನಾ ಮನಸೋತು ಕಣ್ಣೀರಿಡುತ್ತಾಳಲ್ಲ, ಅದನ್ನು ಹೇಗೆ ಕ್ಷಮಿಸುವುದು?

ಬಿಸಿಲು ತಾಗಿದರೆ ಡ್ರಾಕುಲಾ ಸಾಯುತ್ತಾನೆಂಬುದೂ ಪುಸ್ತಕದ್ದಲ್ಲ, ಅದೇ ಕಾದಂಬರಿಯಿಂದ ಅನುಮತಿಯಿಲ್ಲದೆ ತೆಗೆದ 1922ರ ‘ನೊಸ್ಫೆರಾಟು’ ಚಿತ್ರದ ಕೊಡುಗೆ. ಸ್ಟೋಕರನ ವಿಧವೆ ದಾವೆ ಹೂಡಿ ಗೆದ್ದು ಪ್ರತಿಗಳನ್ನು ನಾಶಮಾಡಲು ಆದೇಶ ಪಡೆದರೂ ಅದು ಉಳಿದುಕೊಂಡಿತು. ಪುಸ್ತಕದಲ್ಲಿ ಡ್ರಾಕುಲಾ ಹಾಡಹಗಲೇ ಲಂಡನ್ನಿನ ಬೀದಿಯಲ್ಲಿ ಓಡಾಡುತ್ತಾನೆ, ಸಾಯುವುದು ಕತ್ತಿಗಳಿಂದ. ಇದನ್ನೂ ಭಾನುವಾರ ಹೇಳಿದೆ. “ಪುಸ್ತಕ ಬೇರೆ, ಸಿನಿಮಾ ಬೇರೆ, ಮೇಡಂ” ಎಂಬ ಉತ್ತರ ಬಂತು. ಬೇರೆ ಎಂದು ನನಗೂ ಗೊತ್ತು, ಸ್ವಾಮಿ! ಸಿನಿಮಾ ನೋಡಿ ಪುಸ್ತಕದ ಬಗ್ಗೆ ಅಪ್ಪಣೆ ಕೊಡಿಸುತ್ತಿರುವವರು ನೀವು.

ಮುಂದಿನ ತಿಂಗಳು 2024ರ ಹೊಸ ‘ನೊಸ್ಫೆರಾಟು’ ಅಂತೆ. ಅದರಲ್ಲಿಯೂ ನಾಯಕಿ ಪಿಶಾಚಿಯನ್ನು ಬೆಳಗಾಗುವತನಕ ಹಾಸಿಗೆಯಲ್ಲಿ ತಡೆದಿಟ್ಟು ಪ್ರಾಣ ಬಿಡಬೇಕು, ಆಗಲೇ ಊರು ಉಳಿಯುವುದು. ಚರ್ಚೆ ಶುರುವಾಗುವ ಹೊತ್ತಿಗೆ ಹೋಗುತ್ತೇನೆ, ಪುಸ್ತಕವನ್ನು ಹಿಡಿದುಕೊಂಡೇ.