ಸ್ಪಷ್ಟನೆ: ಪರಿಸರ ಸೂಕ್ಷ್ಮ ಪ್ರದೇಶವೆಂದರೆ ಒಕ್ಕಲೆಬ್ಬಿಸುವುದಲ್ಲ
ಪಶ್ಚಿಮ ಘಟ್ಟವನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಘೋಷಿಸಿದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ರೈತರನ್ನು ಒಕ್ಕಲೆಬ್ಬಿಸುತ್ತಾರೆ, ಅಡಿಕೆ ತೋಟ ಬಿಡಬೇಕಾಗುತ್ತದೆ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸುಳ್ಳು. ಕೇಂದ್ರದ 2024ರ ಜುಲೈ 31ರ ಕರಡು ಅಧಿಸೂಚನೆ ತಡೆಯಹೊರಟಿದ್ದು ಗಣಿ, ಕಲ್ಲು ಕ್ವಾರಿ, ಮರಳು ತೆಗೆಯುವಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ (ಹೆಚ್ಚು ಮಾಲಿನ್ಯ ಮಾಡುವ) ಹೊಸ ಕೈಗಾರಿಕೆ, 20,000 ಚದರ ಮೀಟರ್ ಮತ್ತು ಅದಕ್ಕೂ ಮೇಲ್ಪಟ್ಟ ಹೊಸ ಕಟ್ಟಡಗಳನ್ನು. ಇರುವ ಮನೆಯ ರಿಪೇರಿಗೆ, ಆಸ್ತಿ ಕೈಬದಲಾವಣೆಗೆ ಅಡ್ಡಿಯಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ, ಈ ಕರಡಿಗೆ ಆಧಾರವಾದ ಕಸ್ತೂರಿರಂಗನ್ ಸಮಿತಿಯ ವರದಿಯನ್ನೇ ತಿರಸ್ಕರಿಸಿತು.

ಆದರೆ ಜನರ ಭಯ ಸುಳ್ಳಲ್ಲ. ಲಿಂಗನಮಕ್ಕಿ ಜಲಾಶಯಕ್ಕೆ ಊರು ಬಿಟ್ಟ ಎಷ್ಟೋ ಕುಟುಂಬಗಳು ದಶಕಗಳ ಕಾಲ ಹಕ್ಕುಪತ್ರಕ್ಕೆ ಅಲೆದಿವೆ. ಬಗರ್‌ಹುಕುಂ (ಹಕ್ಕುಪತ್ರವಿಲ್ಲದೆ ಸರ್ಕಾರಿ ಜಮೀನು ಸಾಗುವಳಿ) ತೊಡಕು ಅರಣ್ಯ, ಕಂದಾಯ ಕಾನೂನುಗಳದ್ದು, ಈ ಕರಡಿನದಲ್ಲ. ಘಟ್ಟದ ರಕ್ಷಣೆ, ರೈತರ ಹಕ್ಕುಪತ್ರ ಎರಡನ್ನೂ ಗ್ರಾಮಸಭೆಯಲ್ಲಿ ಒಟ್ಟಿಗೇ ಕೇಳಬೇಕು.