ಪೆಟ್ಟಿಗೆ ಬಿಚ್ಚುವ ಮೊದಲು ಇಸವಿ ಗೊತ್ತುಮಾಡಿಕೊಳ್ಳಿ

ಮೇಜಿನ ಮೇಲಿನ ಯುದ್ಧದಾಟಕ್ಕೆ ನೆಪೋಲಿಯನ್ ಕಾಲದ ಫ್ರೆಂಚ್ ಕಾಲಾಳು ಬೊಂಬೆಗಳ ಪಡೆ ಕಟ್ಟಲು ಹೊರಟವರು ಮೊದಲು ಕೇಳುವುದು ಯಾರ ಪೆಟ್ಟಿಗೆ ಕೊಳ್ಳಬೇಕು ಎಂದು. ಪೆರಿ, ವಿಕ್ಟ್ರಿಕ್ಸ್ ಎರಡೂ ಕಂಪನಿಗಳ 28 ಮಿ.ಮೀ. ಅಳತೆಯ ಪ್ಲಾಸ್ಟಿಕ್ ಬೊಂಬೆಗಳೂ ಚೆನ್ನಾಗಿವೆ. ಆದರೆ ಅದಕ್ಕೂ ಮೊದಲು ತೀರ್ಮಾನವಾಗಬೇಕಾದದ್ದು ಇಸವಿ.

1805ರ ಆಸ್ಟರ್ಲಿಟ್ಜ್ ಕದನಕ್ಕೆ ಎರಡು ಮೂಲೆಯ ಬೈಕಾರ್ನ್ ಟೋಪಿ ಬೇಕು. 1807ರ ಹೊತ್ತಿಗೆ ಶಾಕೋ, ಅಂದರೆ ಡಬ್ಬಿಯಾಕಾರದ ಎತ್ತರದ ಟೋಪಿ, ಬಂದಿತ್ತು. ಮುಂದೆ ತೆರೆದುಕೊಂಡು ಒಳಗಿನ ಬಿಳಿ ವೇಸ್ಟ್‌ಕೋಟ್ ಕಾಣುವ ಉದ್ದ ಬಾಲದ ಕೋಟು 1812ರವರೆಗೂ ಸರಿ. ಸೊಂಟದವರೆಗೆ ಮುಚ್ಚಿದ ಗಿಡ್ಡ ಕೋಟಿಗೆ ಆದೇಶವಾದದ್ದು 1812ರಲ್ಲಿ, ಪಡೆಗಳಲ್ಲಿ ಹರಡಿದ್ದು ಆಮೇಲೆ. ಹಾಗಾಗಿ ಗಿಡ್ಡ ಕೋಟಿನವರು ಆಮೇಲಿನ ಲೀಪ್‌ಜಿಗ್, ವಾಟರ್ಲೂ ಕದನಗಳಿಗೆ ಸರಿ, 1812ರ ರಷ್ಯಾ ದಂಡಯಾತ್ರೆಗೆ ಬೇಡ. ನಮ್ಮಲ್ಲಿ ಶ್ರೀರಂಗಪಟ್ಟಣದ ಕದನ ಆಡಿಸುವ ಆಸೆಯಿಂದ ಶಾಕೋ ತೊಟ್ಟ ಬ್ರಿಟಿಷ್ ಕಾಲಾಳು ಪೆಟ್ಟಿಗೆ ತರಿಸುವವರೂ ಇದ್ದಾರೆ. ಬ್ರಿಟಿಷ್ ಕಾಲಾಳಿಗೆ ಶಾಕೋ ಬಂದದ್ದು 1800ರಲ್ಲಿ. ಕೋಟೆ ಬಿದ್ದದ್ದು 1799ರ ಮೇ 4ರಂದು.

ಇಸವಿ ಗೊತ್ತಾದರೆ ಲೆಕ್ಕವೂ ತಾನಾಗಿಯೇ ಸಿಗುತ್ತದೆ. 1808ರ ಫೆಬ್ರವರಿಯ ಆದೇಶದಂತೆ ಫ್ರೆಂಚ್ ಬೆಟಾಲಿಯನ್‌ಗೆ ಆರು ಕಂಪನಿ: ನಾಲ್ಕು ಫ್ಯೂಸಿಲಿಯರ್ (ಸಾಮಾನ್ಯ ಕಾಲಾಳು), ಒಂದು ಗ್ರೆನೇಡಿಯರ್ (ಆಯ್ದ ಕಾಲಾಳು), ಒಂದು ವೋಲ್ಟಿಜರ್ (ಚುರುಕು ಕಾಲಾಳು). ಕಂಪನಿಗೆ 140 ಜನ, ಒಟ್ಟು 840. ನನ್ನ ಸಲಹೆ 36 ಬೊಂಬೆ, ಕಂಪನಿಗೆ ಆರು. 45×40 ಮಿ.ಮೀ. ಅಳತೆಯ, 2 ಮಿ.ಮೀ. ದಪ್ಪದ ಎಂಡಿಎಫ್ (ಮರದ ನಾರಿನ ಹಲಗೆ) ತುಂಡಿನ ಮೇಲೆ ಮೂವರಂತೆ ಎರಡು ಸಾಲು. ಒಂದು ತುಂಡು ಅಂದರೆ ಒಂದು ಕಂಪನಿ. ಸಾಲಾಗಿ ನಿಲ್ಲಿಸಿದರೆ 270 ಮಿ.ಮೀ. ಅಗಲ, ಎರಡೆರಡು ಕಂಪನಿ ಅಕ್ಕಪಕ್ಕ ಇಟ್ಟು, ಆ ಜೋಡಿಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೆ 90 ಮಿ.ಮೀ. ಅಗಲದ ದಾಳಿ ಕಾಲಮ್. ವೋಲ್ಟಿಜರ್ ತುಂಡನ್ನು ಎತ್ತಿ ಮುಂದಿಟ್ಟರೆ ಚದುರಿ ಕಾದಾಡುವ ಪಡೆ ಸಿದ್ಧ. ರಟ್ಟಿನ ತುಂಡು ಬೇಡವೇ ಬೇಡ, ಅಂಟಿನ ನೀರು ಕುಡಿದು ಬಾಗುತ್ತದೆ.

ಬಾವುಟದ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ಪೆಟ್ಟಿಗೆಯಲ್ಲಿ ಬಾವುಟದ ಕೋಲಿನ ತುದಿಗೆ ಕೂರುವ ಹದ್ದು ಸಿಕ್ಕಿತೆಂದು ಎಲ್ಲ ಬೆಟಾಲಿಯನ್‌ಗೂ ಅಂಟಿಸುತ್ತಾರೆ. 1808ರ ನಂತರ ರೆಜಿಮೆಂಟಿಗೆ ಒಂದೇ ಹದ್ದು, ಅದು ಮೊದಲನೇ ಬೆಟಾಲಿಯನ್‌ನದು. ಉಳಿದವಕ್ಕೆ ಸಾದಾ ಚಿಕ್ಕ ಬಾವುಟ ಸಾಕು.

ಜೋಡಣೆಗೆ ಪಾಲಿಸ್ಟೈರೀನ್ ಸಿಮೆಂಟ್ ಎಂಬ ಅಂಟು ಬಳಸಿ. ಅದು ಪ್ಲಾಸ್ಟಿಕ್ ಕರಗಿಸಿ ಬೆಸೆಯುತ್ತದೆ, ಅದಕ್ಕೇ ಸ್ವಲ್ಪ ಹೆಚ್ಚಾದರೂ ಮುಖದ ಗೆರೆ ಅಳಿಸಿಹೋಗುತ್ತದೆ. ಬಿಡಿಭಾಗಗಳನ್ನು ಅವು ಅಂಟಿಕೊಂಡ ಪ್ಲಾಸ್ಟಿಕ್ ಚೌಕಟ್ಟಿನಿಂದ ಕತ್ತರಿಸುವಾಗ 1 ಮಿ.ಮೀ. ಬಿಟ್ಟು, ಆಮೇಲೆ ಚಾಕುವಿನಿಂದ ಸವರಿ. ಅಚ್ಚಿನ ಗೆರೆಯನ್ನು ಚಾಕುವಿನ ಬೆನ್ನಿನಿಂದ ಹೆರೆಯಿರಿ. ಬಿಟ್ಟರೆ ಬಣ್ಣ ಬಿದ್ದಮೇಲೆ ಎದ್ದು ಕಾಣುತ್ತದೆ. ಬಂದೂಕು ಹೆಗಲಿಗಿಟ್ಟ ಕೈಗಳನ್ನೇ ಆರಿಸಿ. ಬಯೊನೆಟ್ ಮುಂದೆ ಚಾಚಿದರೆ ಮುಂದಿನ ತುಂಡಿಗೆ ತಾಗಿ ಮುರಿಯುತ್ತದೆ. 1/72 ಪ್ರಮಾಣದ, ಮೆತ್ತನೆಯ ಪ್ಲಾಸ್ಟಿಕ್‌ನ ಚಿಕ್ಕ ಬೊಂಬೆಗಳಿಗೆ ಈ ಸಿಮೆಂಟ್ ಹಿಡಿಯುವುದಿಲ್ಲ; ಅವನ್ನು ಸೋಪು ನೀರಲ್ಲಿ ತೊಳೆಯದಿದ್ದರೆ ಬಣ್ಣವೂ ಸಿಪ್ಪೆಯಂತೆ ಏಳುತ್ತದೆ.

ಬಣ್ಣಕ್ಕೂ ಮೊದಲು ಹಚ್ಚುವ ಪ್ರೈಮರ್ ಹವೆಯ ಮಾತು ಕೇಳುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಸ್ಪ್ರೇ ಮಾಡಿದರೆ ಮೇಲ್ಮೈ ತರಿತರಿ. ಕಲಬುರಗಿ ಕಡೆಯ ಏಪ್ರಿಲ್ ಬಿಸಿಲಲ್ಲಿ ಅದೇ ಸ್ಪ್ರೇ ಗಾಳಿಯಲ್ಲೇ ಒಣಗಿ ಪುಡಿಯಾಗಿ ಕೂರುತ್ತದೆ. ಅಂಥ ಹೊತ್ತಿಗೆ ಕುಂಚದಿಂದ ಹಚ್ಚುವ ಅಕ್ರಿಲಿಕ್ ಪ್ರೈಮರ್, ಬೂದು ಬಣ್ಣದ್ದು. ಕಪ್ಪಿನ ಮೇಲೆ ಬಿಳಿ ಚಡ್ಡಿ, ಬಿಳಿ ಪಟ್ಟಿ ಬರಿಸಲು ಪದರದ ಮೇಲೆ ಪದರ ಬೇಕಾಗುತ್ತದೆ. ತಿಳಿಬೂದು ಹಚ್ಚಿ, ಉಬ್ಬಿದಲ್ಲಷ್ಟೇ ಬಿಳಿ ಕೊಟ್ಟರೆ ಮಡಿಕೆಯ ನೆರಳು ತಾನಾಗಿ ಉಳಿಯುತ್ತದೆ. ಒಮ್ಮೆಗೆ ಒಂದು ಕಂಪನಿ, ಆರೇ ಬೊಂಬೆ. 36ನ್ನೂ ಒಟ್ಟಿಗೆ ಹಿಡಿದವರು ಬೇಸತ್ತು ಅರ್ಧಕ್ಕೇ ಬಿಡುತ್ತಾರೆ. ಗ್ರೆನೇಡಿಯರ್ ಭುಜಕ್ಕೆ ಕೆಂಪು ಕುಚ್ಚು, ವೋಲ್ಟಿಜರ್‌ಗೆ ಹಳದಿ ಕಾಲರ್. ಫ್ಯೂಸಿಲಿಯರ್ ಕಂಪನಿಗಳ ಶಾಕೋ ಗೊಂಡೆ ಕ್ರಮವಾಗಿ ಹಸಿರು, ಆಕಾಶನೀಲಿ, ಕಿತ್ತಳೆ, ನೇರಳೆ. ಈ ನಾಲ್ಕು ಚುಕ್ಕೆ ತಪ್ಪದೆ ಹಾಕಿ, ದೂರದಿಂದಲೇ ಕಂಪನಿ ಗುರುತು ಸಿಗುತ್ತದೆ.

ಕೊನೆಗೆ ಬಣ್ಣದ ಮೇಲೆ ಹಚ್ಚುವ, ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ತೇವದಲ್ಲಿ ಬೆಳ್ಳಗೆ ಮಂಜುಗಟ್ಟುತ್ತದೆ. ಬಣ್ಣ ಬಳಿದ ಚೌಕಟ್ಟಿನ ಚೂರಿನ ಮೇಲೆ ಮೊದಲು ಹಚ್ಚಿ, ಪೂರ್ತಿ ಒಣಗಿದ್ದನ್ನು ನೋಡಿ, ಆಮೇಲೆ ಬೊಂಬೆ ಮುಟ್ಟಿ.