ಸ್ಕೂಬಾ ಪ್ರಮಾಣಪತ್ರಕ್ಕಾಗಿ ಸಾಲ ಮಾಡಬೇಡಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಹುಡುಗರು ಈಚೆಗೆ ನನ್ನನ್ನು ಕೇಳುವುದು ಒಂದೇ: "ಸರ್, ಮುರುಡೇಶ್ವರಕ್ಕೆ ಹೋಗಿ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರಿನಡಿ ಈಜುವ ಕೋರ್ಸ್ ಮುಗಿಸಿದರೆ ನೌಕಾಪಡೆ ಸೇರುವುದು ಸುಲಭವೇ?" ಅಡಿಕೆ ಮಾರಿದ ದುಡ್ಡಿನಲ್ಲಿ ಶುಲ್ಕ ಕಟ್ಟಲು ಅಪ್ಪಂದಿರೂ ಸಿದ್ಧ. ನೌಕಾಪಡೆಯಲ್ಲಿ ಡೈವರ್ ಆಗಿದ್ದವನಾಗಿ ಹೇಳುತ್ತೇನೆ, ಅದಕ್ಕಾಗಿ ಖರ್ಚು ಮಾಡಬೇಡಿ. ಅಗ್ನಿವೀರ ಆಯ್ಕೆಯಲ್ಲಿ ನೋಡುವುದು ಲಿಖಿತ ಪರೀಕ್ಷೆ, ಓಟ, ಬಸ್ಕಿ, ವೈದ್ಯಕೀಯ ತಪಾಸಣೆ. ಡೈವಿಂಗ್ ಸೇರಿದ ಮೇಲಿನ ಮಾತು. ಕೊಚ್ಚಿಯ ಡೈವಿಂಗ್ ಶಾಲೆ ಅದನ್ನು ಬುಡದಿಂದಲೇ, ಸರ್ಕಾರದ ಖರ್ಚಿನಲ್ಲೇ ಕಲಿಸುತ್ತದೆ.

ಹಾಗೆಂದು ಅನುಭವವೇ ವ್ಯರ್ಥವೆನ್ನಲಾರೆ. 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡು ಪಟ್ಟಾಗುತ್ತದೆ. ಮೂಗು ಹಿಡಿದು ಗಾಳಿ ಒತ್ತಿ ಕಿವಿ ಬಿಡಿಸಿಕೊಳ್ಳುವುದು ಮೊದಲೇ ರೂಢಿಯಾಗಿದ್ದರೆ ಆರಂಭದ ಗಾಬರಿ ತಪ್ಪುತ್ತದೆ. ಆದರೆ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ತಿಳಿನೀರಿನಲ್ಲಿ ಮೀನು ನೋಡುವುದಕ್ಕೂ, ಬಂದರಿನ ಕೊಳಕು ನೀರಿನಲ್ಲಿ ಹಡಗಿನ ತಳವನ್ನು ಅಂಗೈಯಿಂದ ತಡವುತ್ತಾ ಹುಡುಕುವುದಕ್ಕೂ ಸಂಬಂಧ ಕಡಿಮೆ. ನೌಕಾಪಡೆಯ ಡೈವರ್‌ಗಳು ಬಳಸುವ, ಗುಳ್ಳೆ ಹೊರಬಿಡದ ಶುದ್ಧ ಆಮ್ಲಜನಕದ ಉಸಿರಾಟದ ಉಪಕರಣವನ್ನೇ ತೆಗೆದುಕೊಳ್ಳಿ: ಆರೇಳು ಮೀಟರ್ ದಾಟಿದರೆ ಆಮ್ಲಜನಕವೇ ವಿಷವಾಗತೊಡಗುತ್ತದೆ. 30 ಮೀಟರ್ ಆಳಕ್ಕೆ ಇಳಿಯಬಲ್ಲನೆಂಬ ಸ್ಕೂಬಾ ಪ್ರಮಾಣಪತ್ರ ಹಿಡಿದು ಬಂದವನೂ ಅಲ್ಲಿ ಹೊಸಬನೇ.

ಸೇನೆಯವರಿಗೇ ಎಲ್ಲ ಗೊತ್ತು ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. 2018ರಲ್ಲಿ ಥಾಯ್ಲೆಂಡಿನ ಗುಹೆಯಲ್ಲಿ ಸಿಲುಕಿದ್ದ ಹನ್ನೆರಡು ಹುಡುಗರನ್ನೂ ಅವರ ತರಬೇತುದಾರನನ್ನೂ ಮೊದಲು ಪತ್ತೆಹಚ್ಚಿದವರು ಬ್ರಿಟನ್ನಿನ ನಾಗರಿಕ ಗುಹಾ ಡೈವರ್‌ಗಳು. ಅದೇ ಕಾರ್ಯಾಚರಣೆಯಲ್ಲಿ ಥಾಯ್ ನೌಕಾಪಡೆಯ ಮಾಜಿ ಡೈವರ್ ಒಬ್ಬರು ಜೀವ ಕಳೆದುಕೊಂಡರು. ಆ ನಾಗರಿಕರಿಗಿದ್ದದ್ದು ವರ್ಷಗಟ್ಟಲೆ ಕತ್ತಲೆಯ, ಇಕ್ಕಟ್ಟಿನ ನೀರಿನಲ್ಲಿ ಪಳಗಿದ ಕೈ. ರಜೆಯಲ್ಲಿ ಮುಗಿಸುವ ಕೋರ್ಸಿನಿಂದ ಅದು ಬರುವುದಿಲ್ಲ.

ನಮ್ಮಲ್ಲೂ ಅಂಥವರಿದ್ದಾರೆ. ಮಳೆಗಾಲದಲ್ಲಿ ತುಂಗೆ ಕೆಂಪಗೆ ಹರಿಯುವಾಗ ಯಾರಾದರೂ ಕೊಚ್ಚಿಹೋದರೆ ಊರಿನ ಮುಳುಗು ತಜ್ಞರನ್ನು ಕರೆಯುತ್ತಾರೆ. ಕಣ್ಣಿಗೆ ಏನೂ ಕಾಣದಲ್ಲಿ ಅವರು ಕಾಲಿನಿಂದ, ಬೆರಳಿನಿಂದ ಹುಡುಕುತ್ತಾರೆ. ಸೆಳವನ್ನು ಅವರಂತೆ ಓದಬಲ್ಲ ಹುಡುಗನನ್ನು, ಅವನ ಬಳಿ ಯಾವ ಕಾಗದವೂ ಇಲ್ಲದಿದ್ದರೂ, ನಾನು ನನ್ನ ತಂಡಕ್ಕೆ ಕಣ್ಣುಮುಚ್ಚಿ ಸೇರಿಸಿಕೊಳ್ಳುತ್ತಿದ್ದೆ. ಅವರಿಗೆ ಸಿಗುವ ಗೌರವ ಎಷ್ಟು ಕಡಿಮೆ ಎಂದು ನೆನೆದರೆ ಸಂಕಟವಾಗುತ್ತದೆ.

ಆದ್ದರಿಂದ ತಮ್ಮಂದಿರೇ, ಮೊದಲು ಶಿವಮೊಗ್ಗದಲ್ಲಿ ಕಿವಿ ವೈದ್ಯರಿಗೆ ತೋರಿಸಿ. ಕಿವಿ ಸೋರುತ್ತಿದ್ದರೆ, ತಮಟೆಯಲ್ಲಿ ತೂತಿದ್ದರೆ, ಮೊದಲು ಅದಕ್ಕೆ ಚಿಕಿತ್ಸೆಯಾಗಲಿ. ಈಜನ್ನು ಕೊಳದಲ್ಲಿ, ಬಲ್ಲವರ ಕಣ್ಣೆದುರು ಕಲಿಯಿರಿ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಒಬ್ಬೊಬ್ಬರೇ ಧೈರ್ಯ ಪರೀಕ್ಷಿಸಿಕೊಳ್ಳಬೇಡಿ, ಕೈಮುಗಿದು ಕೇಳುತ್ತೇನೆ. ಕೋರ್ಸ್ ಈಗಾಗಲೇ ಮುಗಿಸಿದ್ದರೆ ಸಂತೋಷ. ಕೊಚ್ಚಿಯ ಬೋಧಕರು "ಇಲ್ಲಿ ಹಾಗಲ್ಲ, ಹೀಗೆ" ಎಂದಾಗ ಮಾತ್ರ ಮರುಮಾತಾಡದೆ ಹೊಸದಾಗಿ ಕಲಿಯಿರಿ.